ಸಿಲಿಕಾನಿನ ಗಳಿಗೆಬಟ್ಟಲು

ಯಂತ್ರದ ಗಡಿಯಾರಗಳು ನಮ್ಮ ನಾಡಿಗೆ ಬರುವುದಕ್ಕೆ ಮುಂಚೆ ಹೊತ್ತನ್ನು ಅಳೆಯಲು ಗಳಿಗೆಬಟ್ಟಲನ್ನು ಬಳಸುತ್ತಿದ್ದರು. ತಳದಲ್ಲಿ ಸಣ್ಣ ರಂಧ್ರವುಳ್ಳ ಲೋಹದ ಬಟ್ಟಲೊಂದನ್ನು ನೀರು ತುಂಬಿದ ಕೊಪ್ಪರಿಗೆಯಲ್ಲಿ ತೇಲಿಬಿಡುವುದು. ರಂಧ್ರದ ಮೂಲಕ ನೀರು ಮೆಲ್ಲಮೆಲ್ಲನೆ ಒಳಸೇರಿ ಬಟ್ಟಲು ತುಂಬಿ ಮುಳುಗುವುದು. ಮುಳುಗಿತೆಂದರೆ ಒಂದು ಗಳಿಗೆ, ಎಂದರೆ ೨೪ ನಿಮಿಷ, ಕಳೆಯಿತೆಂದು ಲೆಕ್ಕ. ಅಂತಹ ೬೦ ಗಳಿಗೆಗಳು ಸೇರಿ ಒಂದು ದಿನ. ಬಟ್ಟಲು ಮುಳುಗಿದೊಡನೆ ಕಾವಲಿನವನು ಜಾಗಟೆಯನ್ನು ಬಾರಿಸಿ, ಬಟ್ಟಲನ್ನು ಬರಿದುಮಾಡಿ, ಮತ್ತೆ ತೇಲಿಬಿಡುತ್ತಿದ್ದನು. ಈ ಏರ್ಪಾಡಿನಲ್ಲಿ ಹೊತ್ತನ್ನು ಎಣಿಸುವುದು ಬಟ್ಟಲೇ ಹೊರತು ಮನುಷ್ಯನಲ್ಲ. ಆದರೂ ಬಟ್ಟಲು ಮುಳುಗಿತೇ ಇಲ್ಲವೇ ಎಂದು ಕಣ್ಣಿಟ್ಟು ಕುಳಿತಿರುವ ಕೆಲಸ ಮಾತ್ರ ಮನುಷ್ಯನಿಗೆ ತಪ್ಪಿದ್ದಲ್ಲ. ಆತನು ಊಟಕ್ಕೆಂದು ಎದ್ದುಹೋದನೋ, ಗಳಿಗೆಯ ಲೆಕ್ಕ ಕೆಟ್ಟಂತೆಯೇ ಸರಿ.

ಮುಳುಗಿದೊಡನೆ ತಾನಾಗಿಯೇ ಜಾಗಟೆಯನ್ನು ಬಾರಿಸಿ, ತಾನಾಗಿಯೇ ಬರಿದಾಗಿ, ತಾನಾಗಿಯೇ ಮತ್ತೆ ತೇಲತೊಡಗುವ ಬಟ್ಟಲೊಂದನ್ನು ಊಹಿಸಿಕೊಳ್ಳಿರಿ. ಕಾವಲಿನವನು ನಿಶ್ಚಿಂತನಾಗಿ ತನ್ನ ಉಳಿದ ಕೆಲಸಗಳನ್ನು ಮಾಡಿಕೊಳ್ಳಬಹುದು. ಜಾಗಟೆಯ ಸದ್ದಾದಾಗ ಮಾತ್ರ ಒಂದು ಕ್ಷಣ ಇತ್ತ ತಿರುಗಿದರೆ ಸಾಕು. ಇಂತಹ ಬಟ್ಟಲುಗಳು ಇಂದು ನಮ್ಮ ಮನೆಮನೆಗಳಲ್ಲಿವೆ. ಬಟ್ಟೆ ಒಗೆಯುವ ಯಂತ್ರ, ಮೈಕ್ರೋವೇವ್ ಒಲೆ, ವಿದ್ಯುತ್ತಿನ ಮೀಟರು, ಮಕ್ಕಳ ಆಟಿಕೆ—ಇವುಗಳ ಒಡಲಲ್ಲಿ ಕುಳಿತು ಆಡಳಿತ ನಡೆಸುವ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಗಣಕಯಂತ್ರದೊಳಗೆ ಅವು ಅಡಗಿವೆ. ಅವಕ್ಕೆ ಟೈಮರ್ ಎಂದು ಹೆಸರು. ಅವುಗಳಿಗೆ ಕೆಲಸ ಹೇಳುವುದು ಹೇಗೆ, ಹೇಳುವಾಗ ಒಂದಂಕೆ ತಪ್ಪಿದರೆ ಏನಾಗುವುದು ಎಂಬುದೇ ಈ ಲೇಖನದ ವಿಷಯ. ಅಂಕೆ ತಪ್ಪಿದುದರಿಂದ ಗಡಿಯಾರವೊಂದು ಹಿಂದೆ ಬಿದ್ದ ಪ್ರಸಂಗಗಳಿರುವಂತೆಯೇ, ಮನುಷ್ಯರು ಸತ್ತ ಪ್ರಸಂಗವೂ ಉಂಟು.

ಮೈಕ್ರೋಕಂಟ್ರೋಲರುಗಳಲ್ಲಿ ನೂರಾರು ಜಾತಿಗಳಿವೆ. ವಿವರಗಳು ಕೈಗೆ ಸಿಕ್ಕುವಂತಿರಲೆಂದು ಒಂದನ್ನೇ ಹಿಡಿದು ಹೊರಡೋಣ. ಆರ್ಡುಯಿನೋ ಊನೋ ಎಂಬ ನೀಲಿಯ ಹಲಗೆಯನ್ನು ನಿಮ್ಮಲ್ಲಿ ಹಲವರು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಂಡಿರಬಹುದು. ಅದರ ಮೇಲಿರುವ ಮುಖ್ಯ ಚಿಪ್ಪಿನ ಹೆಸರು ಅಟ್‌ಮೆಗಾ ೩೨೮ಪಿ. ಅದರ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ಬರೆದಿಡಲು ೩೨ ಕಿಲೋಬೈಟುಗಳ ಸ್ಥಳವಿದೆ. ಲೆಕ್ಕದ ಚೀಟಿಯಂತೆ ಬಳಸಲು ಕೇವಲ ೨ ಕಿಲೋಬೈಟುಗಳ ಸ್ಮೃತಿಯಿದೆ. ಸೆಕೆಂಡಿಗೆ ೧,೬೦,೦೦,೦೦೦ ಸಲ ಮಿಡಿಯುವ ಕಂಪಕವೊಂದು ಅದಕ್ಕೆ ತಾಳ ಹಾಕುತ್ತಿರುವುದು. ಒಂದು ಮಿಡಿತಕ್ಕೂ ಮುಂದಿನದಕ್ಕೂ ನಡುವಣ ಅವಧಿ ೬೨.೫ ನ್ಯಾನೋಸೆಕೆಂಡು. ಅಷ್ಟರಲ್ಲಿ ಬೆಳಕು ೧೯ ಮೀಟರಿಗಿಂತ ಕೊಂಚ ಕಡಿಮೆ ದೂರ ಸಾಗಬಲ್ಲುದು. ಚಿಪ್ಪಿನ ಸಾಮಾನ್ಯ ಆಜ್ಞೆಗಳಲ್ಲಿ ಬಹುಪಾಲು ಒಂದೋ ಎರಡೋ ಮಿಡಿತಗಳಲ್ಲಿ ಮುಗಿಯುವುವು.

ಬರಿದೆ ಎಣಿಸುವ ದಾರಿ

ಒಂದು ದೀಪವನ್ನು ಸೆಕೆಂಡಿಗೊಮ್ಮೆ ಹೊತ್ತಿಸಬೇಕು, ಮರುಸೆಕೆಂಡಿಗೆ ಆರಿಸಬೇಕು ಎಂದಿಟ್ಟುಕೊಳ್ಳೋಣ. ಹೊಸದಾಗಿ ಕಲಿಯುವವನಿಗೆ ಮೊದಲು ಹೊಳೆಯುವ ಉಪಾಯ ಬಲು ಸರಳ. ದೀಪವನ್ನು ಹೊತ್ತಿಸಿ, ಚಿಪ್ಪಿಗೆ “ಸುಮ್ಮನೆ ಎಣಿಸುತ್ತಿರು” ಎಂದು ಹೇಳುವುದು. ಒಂದು ಸುತ್ತಿಗೆ ನಾಲ್ಕು ಮಿಡಿತಗಳು ಬೇಕಾದರೆ, ಅಂತಹ ೪೦ ಲಕ್ಷ ಸುತ್ತುಗಳಿಗೆ ಒಂದು ಸೆಕೆಂಡು ಕಳೆಯುವುದು. ಬಳಿಕ ದೀಪವನ್ನು ಆರಿಸಿ, ಮತ್ತೆ ೪೦ ಲಕ್ಷ ಎಣಿಸುವುದು.

ದೀಪವೇನೋ ಮಿನುಗುತ್ತದೆ. ಆದರೆ ಚಿಪ್ಪು ಎಣಿಸುತ್ತಿರುವ ಆ ಸೆಕೆಂಡಿನಲ್ಲಿ ಯಾರಾದರೂ ಗುಂಡಿಯನ್ನು ಒತ್ತಿಬಿಟ್ಟರೆ ಅದಕ್ಕೆ ತಿಳಿಯದು. ಕೊಠಡಿಯ ಉಷ್ಣತೆ ಏರಿದರೂ ತಿಳಿಯದು. ಕೊಪ್ಪರಿಗೆಯ ಮುಂದೆ ಕಣ್ಣಿಟ್ಟು ಕುಳಿತ ಕಾವಲಿನವನ ಸ್ಥಿತಿಯೇ ಅದರದು. ಇನ್ನೊಂದು ತೊಡಕೂ ಉಂಟು. ಎಣಿಕೆಯ ನಡುವೆ ಬೇರೊಂದು ತುರ್ತು ಕೆಲಸ ಬಂದು ಅದನ್ನು ಮಾಡಿಬಂದರೆ, ಅಷ್ಟು ಹೊತ್ತು ಎಣಿಕೆ ನಿಂತಿರುವುದರಿಂದ ಸೆಕೆಂಡು ಉದ್ದವಾಗುವುದು. ಇದೆಲ್ಲಕ್ಕಿಂತ ತಮಾಷೆಯಾದುದು ಮತ್ತೊಂದಿದೆ. ನಾವು ಬರೆದುದನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರ್ ಎಂಬ ಕ್ರಮವಿಧಿ ಬಹಳ ಚುರುಕು. ಯಾವ ಫಲವೂ ಇಲ್ಲದೆ ೪೦ ಲಕ್ಷ ಸಲ ಸುತ್ತುವ ಈ ಭಾಗವನ್ನು ನೋಡಿ, ಇದು ನಿರರ್ಥಕವೆಂದು ತೀರ್ಮಾನಿಸಿ, ಅಷ್ಟನ್ನೂ ಅಳಿಸಿಹಾಕುವುದುಂಟು! ಆಗ ದೀಪವು ಕಣ್ಣಿಗೆ ಕಾಣದಷ್ಟು ಬೇಗ ಮಿನುಗಿ, ಸದಾ ಮಂದವಾಗಿ ಉರಿಯುತ್ತಿರುವಂತೆ ತೋರುವುದು. ಬುದ್ಧಿವಂತ ಸೇವಕನಿಗೆ ದಡ್ಡ ಕೆಲಸವನ್ನು ಹೇಳಿದರೆ ಹೀಗಾಗುವುದು ಸಹಜವೇ.

ಆದುದರಿಂದ ಚಿಪ್ಪನ್ನು ರಚಿಸಿದವರು ಎಣಿಸುವ ಕೆಲಸಕ್ಕೆಂದೇ ಪ್ರತ್ಯೇಕವಾದ ಅಂಗಗಳನ್ನು ಅದರ ಪಕ್ಕದಲ್ಲಿ ಇರಿಸಿದ್ದಾರೆ. ಅಟ್‌ಮೆಗಾ ೩೨೮ಪಿಯಲ್ಲಿ ಅಂತಹವು ಮೂರು: ಟೈಮರ್ ೦, ಟೈಮರ್ ೧, ಟೈಮರ್ ೨. ಇವುಗಳಲ್ಲಿ ನಡುವಿನದು ೧೬ ಬಿಟ್‌ಗಳದು, ಉಳಿದೆರಡು ೮ ಬಿಟ್‌ಗಳವು.

ಎಣಿಕೆಯ ನಾಲ್ಕು ಸಂಖ್ಯೆಗಳು

ಟೈಮರ್ ಎಂಬುದು ಮೂಲತಃ ಒಂದು ಎಣಿಕೆಯ ಯಂತ್ರ, ಅಷ್ಟೆ. ಕಾರಿನಲ್ಲಿ ಓಡಿದ ದೂರವನ್ನು ತೋರಿಸುವ ಅಂಕಿಗಳ ಸಾಲನ್ನು ನೀವು ನೋಡಿರುತ್ತೀರಿ. ಐದು ಅಂಕಿಗಳ ಸಾಲಾದರೆ ೯೯,೯೯೯ ಆದ ಮೇಲೆ ಅದು ಮತ್ತೆ ಸೊನ್ನೆಗೆ ಬರುವುದು. ಟೈಮರಿನಲ್ಲಿ ಅಂಕಿಗಳು ಸೊನ್ನೆ ಮತ್ತು ಒಂದು ಮಾತ್ರ. ಹದಿನಾರು ಸ್ಥಾನಗಳಿದ್ದರೆ ಅದು ಸೊನ್ನೆಯಿಂದ ೬೫,೫೩೫ರವರೆಗೆ ಎಣಿಸಿ, ಮರುಮಿಡಿತಕ್ಕೆ ಸೊನ್ನೆಯಾಗುವುದು. ಎಂಟೇ ಸ್ಥಾನಗಳಿದ್ದರೆ ೨೫೫ಕ್ಕೇ ಅದರ ಬಟ್ಟಲು ತುಂಬುವುದು.

ಸೆಕೆಂಡಿಗೆ ಒಂದು ಕೋಟಿ ಅರವತ್ತು ಲಕ್ಷ ಮಿಡಿತಗಳನ್ನು ಹಾಗೆಯೇ ಎಣಿಸಹೊರಟರೆ ದೊಡ್ಡ ಬಟ್ಟಲು ಕೂಡ ೪.೦೯೬ ಮಿಲಿಸೆಕೆಂಡಿನಲ್ಲಿ ತುಂಬಿಹೋಗುವುದು. ಒಂದು ಸೆಕೆಂಡನ್ನು ಅಳೆಯುವ ಮಾತೆಲ್ಲಿ ಬಂತು? ಅದಕ್ಕೆಂದೇ ಮಿಡಿತಗಳಿಗೂ ಎಣಿಕೆಗೂ ನಡುವೆ ಪ್ರೀಸ್ಕೇಲರ್ ಎಂಬ ಭಾಗವನ್ನು ಇರಿಸಿದ್ದಾರೆ. ಗಡಿಯಾರದಲ್ಲಿ ವೇಗವಾಗಿ ತಿರುಗುವ ಚಕ್ರದಿಂದ ನಿಧಾನವಾಗಿ ತಿರುಗುವ ಚಕ್ರವನ್ನು ಹಲ್ಲುಗಳ ಮೂಲಕ ನಡೆಸುವಂತೆ, ಇದು ೮, ೬೪, ೨೫೬ ಅಥವಾ ೧,೦೨೪ ಮಿಡಿತಗಳಿಗೆ ಒಂದೇ ಮಿಡಿತವನ್ನು ಮುಂದಕ್ಕೆ ಬಿಡುವುದು. ೧,೦೨೪ನ್ನು ಆರಿಸಿಕೊಂಡರೆ ಟೈಮರಿಗೆ ತಲಪುವುದು ಸೆಕೆಂಡಿಗೆ ೧೫,೬೨೫ ಮಿಡಿತಗಳು ಮಾತ್ರ. ನಮ್ಮ ಅದೃಷ್ಟಕ್ಕೆ ಈ ಭಾಗಾಕಾರದಲ್ಲಿ ಶೇಷವಿಲ್ಲ.

ಈಗ ೧೫,೬೨೫ ಮಿಡಿತಗಳಾದೊಡನೆ ಬಟ್ಟಲು ಮುಳುಗಬೇಕು, ೬೫,೫೩೫ರವರೆಗೆ ಕಾಯಬಾರದು. ಇದಕ್ಕಾಗಿ ಹೋಲಿಕೆಯ ರಿಜಿಸ್ಟರು ಎಂಬ ಇನ್ನೊಂದು ಮನೆಯಿದೆ. ಅದರಲ್ಲಿ ಒಂದು ಸಂಖ್ಯೆಯನ್ನು ಬರೆದಿಟ್ಟರೆ, ಎಣಿಕೆಯು ಆ ಸಂಖ್ಯೆಯನ್ನು ಮುಟ್ಟಿದೊಡನೆ ಟೈಮರು ಸಂಜ್ಞೆಯೊಂದನ್ನು ಎತ್ತಿ, ಮುಂದಿನ ಮಿಡಿತಕ್ಕೆ ಸೊನ್ನೆಗೆ ಹಿಂದಿರುಗುವುದು. ಬರೆಯಬೇಕಾದ ಸಂಖ್ಯೆ ಯಾವುದು? ೧೫,೬೨೫ ಎಂದು ನೀವು ಹೇಳಿದರೆ, ಬಹಳ ಮಂದಿ ಹೇಳುವುದನ್ನೇ ಹೇಳಿದಂತಾಯಿತು. ಸರಿಯಾದ ಉತ್ತರ ೧೫,೬೨೪. ಎಣಿಕೆ ಆರಂಭವಾಗುವುದು ಒಂದರಿಂದಲ್ಲ, ಸೊನ್ನೆಯಿಂದ. ಸೊನ್ನೆಯ ಮೇಲೂ ಟೈಮರು ಒಂದು ಮಿಡಿತದ ಕಾಲ ನಿಲ್ಲುವುದು. ಸೊನ್ನೆಯಿಂದ ೧೫,೬೨೪ರವರೆಗಿನ ಮೆಟ್ಟಿಲುಗಳನ್ನು ಲೆಕ್ಕಹಾಕಿದರೆ ೧೫,೬೨೫ ಆಗುವುವು.

ಒಂದಂಕೆಯಿಂದ ಏನು ಮಹಾ ಎನ್ನಬೇಡಿರಿ. ಒಂದು ಮಿಡಿತ ಈಗ ೬೪ ಮೈಕ್ರೋಸೆಕೆಂಡು. ಪ್ರತಿ ಸೆಕೆಂಡಿಗೂ ಅಷ್ಟು ಹೆಚ್ಚಾದರೆ, ದಿನದ ೮೬,೪೦೦ ಸೆಕೆಂಡುಗಳಲ್ಲಿ ೫.೫ ಸೆಕೆಂಡು ಹಿಂದೆ ಬಿದ್ದಂತಾಯಿತು. ತಿಂಗಳಿಗೆ ಎರಡೂ ಮುಕ್ಕಾಲು ನಿಮಿಷ. ವರ್ಷಕ್ಕೆ ಅರ್ಧ ಗಂಟೆಗಿಂತ ಹೆಚ್ಚು. ಮೇಜಿನ ಮೇಲೆ ಹತ್ತು ನಿಮಿಷ ಓಡಿಸಿ ನೋಡಿದವನಿಗೆ ಈ ದೋಷ ಕಾಣುವುದೇ ಇಲ್ಲ. ಕಾಲವನ್ನು ಎಣಿಸುವ ಯಂತ್ರಗಳ ದೋಷಗಳೆಲ್ಲ ಈ ಜಾತಿಯವೇ: ಕಾಲ ಕಳೆದಂತೆ ಮಾತ್ರ ಹೊರಬೀಳುವುವು.

ಇಷ್ಟನ್ನು ತಿಳಿದ ಮೇಲೆ ಟೈಮರ್ ೧ಕ್ಕೆ ಆಜ್ಞೆ ಕೊಡುವುದೆಂದರೆ ನಾಲ್ಕು ರಿಜಿಸ್ಟರುಗಳಲ್ಲಿ ನಾಲ್ಕು ಸಂಖ್ಯೆಗಳನ್ನು ಬರೆಯುವುದು, ಅಷ್ಟೆ. ರಿಜಿಸ್ಟರುಗಳ ಹೆಸರುಗಳು ಕಿವಿಗೆ ಇಂಪಾಗಿಲ್ಲ. ಇಟ್ಟವರಿಗೆ ಅಕ್ಷರಗಳ ಬಗೆಗೆ ದಾರಿದ್ರ್ಯವಿದ್ದಂತೆ ತೋರುವುದು. ಟಿಸಿಸಿಆರ್ ೧ಎ ಎಂಬುದರಲ್ಲಿ ಸೊನ್ನೆ. ಟಿಸಿಸಿಆರ್ ೧ಬಿ ಎಂಬುದರಲ್ಲಿ ೧೩. ಇದರಲ್ಲಿ ೮ ಎಂಬುದು “ಹೋಲಿಕೆಯಾದೊಡನೆ ಸೊನ್ನೆಗೆ ಬಾ” ಎಂಬ ಆಜ್ಞೆ, ಉಳಿದ ೫ ಎಂಬುದು “೧,೦೨೪ರಿಂದ ಭಾಗಿಸು” ಎಂಬ ಆಜ್ಞೆ. ಓಸಿಆರ್ ೧ಎ ಎಂಬುದರಲ್ಲಿ ೧೫,೬೨೪. ಟಿಐಎಂಎಸ್‌ಕೆ ೧ ಎಂಬುದರಲ್ಲಿ ೨. ಇದು ಜಾಗಟೆಯನ್ನು ಬಾರಿಸಲು ಅನುಮತಿ. ಎಣಿಕೆಯ ಮನೆಯಾದ ಟಿಸಿಎನ್‌ಟಿ ೧ನ್ನು ಮೊದಲೇ ಸೊನ್ನೆ ಮಾಡಿಕೊಳ್ಳುವುದು ಜಾಣತನ. ಏಕೆಂದರೆ, ಎಣಿಕೆಯು ಆಗಲೇ ೨೦,೦೦೦ವನ್ನು ದಾಟಿದ್ದರೆ ಅದು ೧೫,೬೨೪ನ್ನು ಸಂಧಿಸುವುದು ಹೇಗೆ? ೬೫,೫೩೫ರವರೆಗೂ ಹೋಗಿ, ಸುತ್ತಿಬಂದು, ಅನಂತರವೇ ಸಂಧಿಸಬೇಕು. ಮೊದಲ ಸೆಕೆಂಡು ನಾಲ್ಕು ಸೆಕೆಂಡಿನಷ್ಟು ಉದ್ದವಾಗಿ ಕಾಣುವುದು ಹೀಗೆ.

ಜಾಗಟೆಯ ಸದ್ದು

ಹೋಲಿಕೆಯಾದಾಗ ಟೈಮರು ಎತ್ತುವ ಸಂಜ್ಞೆಗೆ ಇಂಟರಪ್ಟ್ ಎಂದು ಹೆಸರು. ನಾವು ಅಡ್ಡಕರೆ ಎನ್ನಬಹುದು. ಅದು ಬಂದೊಡನೆ ಚಿಪ್ಪಿನ ಕಾರ್ಯಾಂಗವು ಕೈಯಲ್ಲಿರುವ ಆಜ್ಞೆಯನ್ನು ಮುಗಿಸಿ, ತಾನು ಎಲ್ಲಿದ್ದೆನೆಂಬುದನ್ನು ಗುರುತುಹಾಕಿಕೊಂಡು, ಅಡ್ಡಕರೆಗೆಂದು ಬರೆದಿಟ್ಟ ಚಿಕ್ಕ ಕ್ರಮವಿಧಿಗೆ ಹಾರುವುದು. ಅಲ್ಲಿ ದೀಪವನ್ನು ಬದಲಿಸಿ ಮತ್ತೆ ಹಳೆಯ ಸ್ಥಳಕ್ಕೇ ಹಿಂದಿರುಗುವುದು. ಓದುತ್ತಿದ್ದ ಪುಸ್ತಕದಲ್ಲಿ ಗುರುತಿನ ಕಡ್ಡಿಯನ್ನಿಟ್ಟು, ಬಾಗಿಲು ತೆಗೆದುಬಂದು, ಮತ್ತೆ ಅದೇ ಸಾಲಿನಿಂದ ಓದತೊಡಗಿದಂತೆ.

ಬಾಗಿಲಿನಲ್ಲಿಯೇ ಹರಟೆ ಹೊಡೆಯುತ್ತ ನಿಲ್ಲಬಾರದು ಎಂಬುದು ಇಲ್ಲಿಯ ನಿಯಮ. ಟೈಮರಿನ ಸಂಜ್ಞೆ ಎಂಬುದು ಒಂದೇ ಒಂದು ಬಾವುಟ. ಅದು ಏರಿದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುವುದು, ಎಷ್ಟು ಸಲ ಏರಿತೆಂದು ತಿಳಿಯುವುದಿಲ್ಲ. ಒಂದು ಕರೆಗೆ ಉತ್ತರ ಕೊಡುತ್ತಿರುವಾಗ ಇನ್ನೆರಡು ಕರೆಗಳು ಬಂದರೆ ಒಂದು ಮಾತ್ರ ನೆನಪಿನಲ್ಲುಳಿದು ಮತ್ತೊಂದು ಕಾಲಗರ್ಭದಲ್ಲಿ ಅಡಗಿಹೋಗುವುದು.

ಇನ್ನೊಂದು ಸೂಕ್ಷ್ಮವಿದೆ. ಅಟ್‌ಮೆಗಾ ಚಿಪ್ಪು ಒಂದು ಸಲಕ್ಕೆ ಎಂಟು ಬಿಟ್‌ಗಳನ್ನು ಮಾತ್ರ ಕೈಗೆತ್ತಿಕೊಳ್ಳಬಲ್ಲುದು; ಹದಿನಾರು ಬಿಟ್‌ಗಳ ಎಣಿಕೆಯನ್ನು ಎರಡು ತುತ್ತುಗಳಲ್ಲಿ ಓದಬೇಕು. ಎಣಿಕೆ ೨೫೫ ಆಗಿರುವಾಗ ಕೆಳಗಿನ ಅರ್ಧವನ್ನು ಓದಿ ೨೫೫ ಎಂದು ಬರೆದುಕೊಂಡಿತೆನ್ನಿ. ಅಷ್ಟರಲ್ಲಿ ಎಣಿಕೆ ೨೫೬ ಆಗಿ, ಮೇಲಿನ ಅರ್ಧ ಒಂದಾಗುವುದು. ಎರಡನ್ನೂ ಕೂಡಿಸಿದರೆ ೫೧೧! ಎಂದೂ ಇರದಿದ್ದ ಹೊತ್ತೊಂದು ಹುಟ್ಟಿತು. ಇದನ್ನು ತಪ್ಪಿಸಲು, ಕೆಳಗಿನ ಅರ್ಧವನ್ನು ಓದಿದ ಕ್ಷಣದಲ್ಲಿಯೇ ಮೇಲಿನ ಅರ್ಧದ ಪ್ರತಿಯನ್ನು ಬೇರೆಡೆ ಹಿಡಿದಿಡುವ ಏರ್ಪಾಡನ್ನು ಚಿಪ್ಪಿನಲ್ಲಿಯೇ ಮಾಡಿದ್ದಾರೆ. ಆದರೆ ನಾವೇ ಸ್ಮೃತಿಯಲ್ಲಿ ಇಟ್ಟುಕೊಂಡ ದೊಡ್ಡ ಸಂಖ್ಯೆಗಳಿಗೆ ಈ ರಕ್ಷಣೆಯಿಲ್ಲ; ಅವನ್ನು ಓದುವಷ್ಟು ಹೊತ್ತು ಅಡ್ಡಕರೆಗಳನ್ನು ನಾವೇ ತಡೆದಿರಬೇಕಾಗುವುದು.

ಜಾಗಟೆಯನ್ನೇ ಬಾರಿಸದೆ ಟೈಮರು ತಾನೇ ಮಾಡಿಮುಗಿಸುವ ಕೆಲಸಗಳೂ ಉಂಟು. ಎಣಿಕೆ ಸೊನ್ನೆಯಾದಾಗ ಚಿಪ್ಪಿನ ಒಂದು ಕಾಲಿಗೆ ವಿದ್ಯುತ್ತನ್ನು ಹರಿಸಿ, ಹೋಲಿಕೆಯಾದಾಗ ನಿಲ್ಲಿಸುವಂತೆ ಹೇಳಬಹುದು. ಸುತ್ತಿನ ಕಾಲುಭಾಗ ಮಾತ್ರ ಹರಿಸಿದರೆ ದೀಪ ಮಂದವಾಗಿ ಉರಿಯುವುದು. ಆಟದ ವಿಮಾನದ ರೆಕ್ಕೆಯನ್ನು ತಿರುಗಿಸುವ ಸರ್ವೋ ಮೋಟಾರಿಗೆ ೨೦ ಮಿಲಿಸೆಕೆಂಡಿಗೊಮ್ಮೆ ಒಂದು ಮಿಡಿತ ಬೇಕು. ಮಿಡಿತದ ಅಗಲ ೧.೫ ಮಿಲಿಸೆಕೆಂಡಾದರೆ ಅದು ನಡುವಿನಲ್ಲಿ ನಿಲ್ಲುವುದು. ಎಂಟರಿಂದ ಭಾಗಿಸಿದಾಗ ಟೈಮರ್ ೧ರ ಹೆಜ್ಜೆ ಅರ್ಧ ಮೈಕ್ರೋಸೆಕೆಂಡು. ಆದುದರಿಂದ ಸುತ್ತಿಗೆ ೪೦,೦೦೦, ಮಿಡಿತಕ್ಕೆ ೩,೦೦೦. ಒಮ್ಮೆ ಹೇಳಿಬಿಟ್ಟರೆ ಕಾರ್ಯಾಂಗವು ಮತ್ತೆ ಇತ್ತ ನೋಡಬೇಕಾಗಿಲ್ಲ.

ಚಿಪ್ಪಿನ ಅಧಿಕಮಾಸ

ಆರ್ಡುಯಿನೋವಿನ ಕ್ರಮವಿಧಿಗಳಲ್ಲಿ “ಮಿಲಿಸ್” ಎಂಬ ಪದವನ್ನು ಬರೆದರೆ, ಹಲಗೆಗೆ ಜೀವ ಬಂದಂದಿನಿಂದ ಎಷ್ಟು ಮಿಲಿಸೆಕೆಂಡುಗಳಾದುವೆಂದು ಉತ್ತರ ಬರುವುದು. ಈ ಲೆಕ್ಕವನ್ನು ಇಡುವುದು ಟೈಮರ್ ೦. ಅದಕ್ಕೆ ಬರುವ ಮಿಡಿತಗಳನ್ನು ೬೪ರಿಂದ ಭಾಗಿಸಿರುವುದರಿಂದ ಒಂದು ಹೆಜ್ಜೆ ೪ ಮೈಕ್ರೋಸೆಕೆಂಡು. ೨೫೬ ಹೆಜ್ಜೆಗಳಿಗೆ ಬಟ್ಟಲು ತುಂಬುವುದು. ಗುಣಿಸಿ ನೋಡಿರಿ: ೧,೦೨೪ ಮೈಕ್ರೋಸೆಕೆಂಡು. ಮಿಲಿಸೆಕೆಂಡಿಗಿಂತ ೨೪ ಹೆಚ್ಚು! ಪ್ರತಿ ಸುತ್ತಿಗೂ ಒಂದೊಂದೇ ಮಿಲಿಸೆಕೆಂಡನ್ನು ಕೂಡಿಸುತ್ತ ಹೋದರೆ ಗಡಿಯಾರವು ಗಂಟೆಗೆ ಒಂದೂಕಾಲು ನಿಮಿಷಕ್ಕಿಂತಲೂ ಹೆಚ್ಚು ಹಿಂದೆ ಬೀಳುವುದು.

ಇದಕ್ಕೆ ಕಂಡುಕೊಂಡ ಪರಿಹಾರವು ನಮ್ಮ ಪಂಚಾಂಗವನ್ನು ಬಲ್ಲವರಿಗೆ ಹೊಸದಲ್ಲ. ಚಾಂದ್ರಮಾನದ ವರ್ಷಕ್ಕೆ ಸುಮಾರು ೩೫೪ ದಿನಗಳು, ಸೌರವರ್ಷಕ್ಕೆ ೩೬೫ಕ್ಕಿಂತ ಕೊಂಚ ಹೆಚ್ಚು. ವರ್ಷವರ್ಷವೂ ಉಳಿಯುವ ಹನ್ನೊಂದು ದಿನಗಳನ್ನು ಮರೆಯದೆ ಕೂಡಿಡುತ್ತ ಹೋಗಿ, ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಒಂದು ಅಧಿಕಮಾಸವನ್ನು ಸೇರಿಸುವುದು ಪದ್ಧತಿ. ಚಿಪ್ಪು ಮಾಡುವುದೂ ಅದನ್ನೇ. ಸುತ್ತುಸುತ್ತಿಗೂ ಉಳಿಯುವ ೨೪ ಮೈಕ್ರೋಸೆಕೆಂಡುಗಳನ್ನು ಬೇರೊಂದು ಮನೆಯಲ್ಲಿ ಕೂಡಿಟ್ಟು, ಅದು ಸಾವಿರವನ್ನು ಮುಟ್ಟಿದಾಗ ಒಂದು ಅಧಿಕ ಮಿಲಿಸೆಕೆಂಡನ್ನು ಸೇರಿಸುವುದು. ಅದು ೪೨ನೆಯ ಸುತ್ತಿಗೆ ಒಮ್ಮೆ, ಮತ್ತೆ ೪೨ ಸುತ್ತುಗಳಿಗೆ ಒಮ್ಮೆ, ಅನಂತರ ೪೧ಕ್ಕೆ ಒಮ್ಮೆ ಬರುವುದು. ೧೨೫ ಸುತ್ತುಗಳಲ್ಲಿ ಲೆಕ್ಕ ಚುಕ್ತಾ. ಶೇಷವನ್ನು ಎಸೆಯದೆ ಇಟ್ಟುಕೊಂಡುದರಿಂದ ಮಾತ್ರ ಇದು ಸಾಧ್ಯವಾಯಿತು.

ಹೀಗೆ ಕೂಡಿಸಿದ ಮಿಲಿಸೆಕೆಂಡುಗಳಿಗಾದರೂ ಮೇರೆಯಿಲ್ಲವೇ? ಇದೆ. ಅವನ್ನು ೩೨ ಬಿಟ್‌ಗಳ ಮನೆಯಲ್ಲಿ ಇಡುವರು. ೪,೨೯,೪೯,೬೭,೨೯೫ ಆದ ಮೇಲೆ ಅದು ಸೊನ್ನೆ. ದಿನಗಳಲ್ಲಿ ಹೇಳುವುದಾದರೆ ೪೯ ದಿನ, ೧೭ ಗಂಟೆ, ಎರಡು ನಿಮಿಷಗಳಿಗಿಂತ ಕೊಂಚ ಹೆಚ್ಚು. ತೋಟಕ್ಕೆ ನೀರು ಬಿಡುವ ಯಂತ್ರವೊಂದು ಐವತ್ತನೆಯ ದಿನ ಇದ್ದಕ್ಕಿದ್ದಂತೆ ಹುಚ್ಚುಹಿಡಿದಂತೆ ವರ್ತಿಸಿದರೆ ಈ ಸಂಖ್ಯೆಯನ್ನು ಮೊದಲು ಸಂಶಯಿಸಬೇಕು. ಇದರಿಂದ ಪಾರಾಗುವ ಉಪಾಯ ಶಾಲೆಯ ಹುಡುಗನಿಗೂ ತಿಳಿದುದೇ. ಹನ್ನೊಂದು ಗಂಟೆಗೆ ಹೊರಟ ಬಸ್ಸು ಎರಡು ಗಂಟೆಗೆ ತಲಪಿದರೆ ಪ್ರಯಾಣಕ್ಕೆ ಮೂರು ಗಂಟೆ ಹಿಡಿಯಿತೆನ್ನುತ್ತೇವೆಯೇ ಹೊರತು, ಎರಡು ಹನ್ನೊಂದಕ್ಕಿಂತ ಚಿಕ್ಕದಾದುದರಿಂದ ಬಸ್ಸು ಹೊರಡುವುದಕ್ಕೆ ಮುಂಚೆಯೇ ತಲಪಿತೆನ್ನುವುದಿಲ್ಲ. ಎರಡರಿಂದ ಹನ್ನೊಂದನ್ನು ಕಳೆದು, ಸಾಲದಿದ್ದರೆ ಹನ್ನೆರಡನ್ನು ಕೂಡುತ್ತೇವೆ. ಚಿಪ್ಪಿನ ವ್ಯವಕಲನವೂ ಇದೇ ಬಗೆಯದು. “ಈಗಿನ ಹೊತ್ತು ಇಂತಿಷ್ಟನ್ನು ಮೀರಿತೇ?” ಎಂದು ಕೇಳದೆ, “ಈಗಿನದರಿಂದ ಆಗಿನದನ್ನು ಕಳೆದರೆ ಎಷ್ಟು?” ಎಂದು ಕೇಳಿದರೆ ಎಣಿಕೆ ಸುತ್ತಿಬಂದರೂ ಉತ್ತರ ಕೆಡುವುದಿಲ್ಲ.

ಈ ೪೯ ದಿನಗಳ ಮೇರೆ ಆಟದ ಹಲಗೆಗಳಿಗಷ್ಟೇ ಸೇರಿದ್ದಲ್ಲ. ೨೦೦೪ನೆಯ ಸೆಪ್ಟೆಂಬರ್ ೧೪ರಂದು ಅಮೆರಿಕದ ಲಾಸ್ ಏಂಜಲಿಸ್ ಪ್ರಾಂತದ ವಿಮಾನಸಂಚಾರ ನಿಯಂತ್ರಣ ಕೇಂದ್ರದಲ್ಲಿ ವಿಮಾನ ಚಾಲಕರೊಡನೆ ಮಾತನಾಡುವ ವ್ಯವಸ್ಥೆ ಒಮ್ಮೆಲೇ ಮೌನವಾಯಿತು. ಅದನ್ನು ನಡೆಸುತ್ತಿದ್ದ ಗಣಕದಲ್ಲಿ ಇದೇ ಅಗಲದ ಮಿಲಿಸೆಕೆಂಡುಗಳ ಎಣಿಕೆಯೊಂದು ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದು, ಸೊನ್ನೆಯಾದೊಡನೆ ಇಡೀ ವ್ಯವಸ್ಥೆ ನಿಂತುಹೋಗುತ್ತಿತ್ತು. ತಿಂಗಳಿಗೊಮ್ಮೆ ಅದನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕೆಂದು ನಿಯಮವಿತ್ತು. ಆ ಸಲ ಅದು ನಡೆದಿರಲಿಲ್ಲ. ಬದಲಿಗೆಂದು ಇಟ್ಟಿದ್ದ ವ್ಯವಸ್ಥೆಯೂ ಕೈಕೊಟ್ಟಿತು. ಆಕಾಶದಲ್ಲಿ ನೂರಾರು ವಿಮಾನಗಳಿದ್ದುವು. ಕೆಲವು ಇರಬೇಕಾದ ಅಂತರಕ್ಕಿಂತ ಹತ್ತಿರ ಬಂದರೂ ಡಿಕ್ಕಿಗಳಾಗಲಿಲ್ಲ. ದೋಷವನ್ನು ತಿದ್ದುವುದಕ್ಕೆ ಬದಲಾಗಿ ಅದರ ಸುತ್ತ ನಿಯಮವೊಂದನ್ನು ಕಟ್ಟಿ, ನೆನಪಿಟ್ಟುಕೊಳ್ಳುವ ಹೊಣೆಯನ್ನು ಮನುಷ್ಯನ ಮೇಲೆ ಹಾಕುವ ಈ ಕ್ರಮವನ್ನು ನಾನಂತೂ ಮೆಚ್ಚಲಾರೆ.

ಹತ್ತನೆಯ ಒಂದು ಸೆಕೆಂಡು

ಶೇಷವನ್ನು ಕೂಡಿಡದೆ ಎಸೆದುದರ ಕಥೆ ಇದಕ್ಕಿಂತ ದಾರುಣವಾದುದು. ೧೯೯೧ನೆಯ ಫೆಬ್ರುವರಿ ೨೫ರಂದು, ಕೊಲ್ಲಿಯ ಯುದ್ಧದ ಕಾಲದಲ್ಲಿ, ಇರಾಕಿನ ಸ್ಕಡ್ ಕ್ಷಿಪಣಿಯೊಂದು ಸೌದಿ ಅರೇಬಿಯದ ಧಹ್ರಾನಿನ ಬಳಿ ಅಮೆರಿಕದ ಸೈನಿಕರ ವಸತಿಯ ಮೇಲೆ ಬಿದ್ದು ೨೮ ಮಂದಿ ಸತ್ತರು. ಅದನ್ನು ನಡುದಾರಿಯಲ್ಲಿ ತಡೆಯಬೇಕಾಗಿದ್ದ ಪೇಟ್ರಿಯಟ್ ಕ್ಷಿಪಣಿಗಳು ಹಾರಲೇ ಇಲ್ಲ.

ಪೇಟ್ರಿಯಟ್ಟಿನ ಗಣಕವು ಆರಂಭವಾದಂದಿನಿಂದ ಕಾಲವನ್ನು ಸೆಕೆಂಡಿನ ಹತ್ತನೆಯ ಭಾಗಗಳಲ್ಲಿ ಎಣಿಸುತ್ತಿತ್ತು. ಎಣಿಕೆ ಸರಿಯಾಗಿಯೇ ಇತ್ತು. ಆದರೆ ಅದನ್ನು ಸೆಕೆಂಡುಗಳಿಗೆ ತಿರುಗಿಸಲು ಹತ್ತನೆಯ ಒಂದರಿಂದ ಗುಣಿಸಬೇಕು. ಮೂರನೆಯ ಒಂದನ್ನು ದಶಮಾಂಶದಲ್ಲಿ ಬರೆಯಹೊರಟರೆ ೦.೩೩೩... ಎಂದು ಮುಗಿಯದೆ ಸಾಗುವುದಷ್ಟೆ. ಸೊನ್ನೆ ಮತ್ತು ಒಂದು ಮಾತ್ರ ಇರುವ ದ್ವಿಮಾನ ಪದ್ಧತಿಯಲ್ಲಿ ಹತ್ತನೆಯ ಒಂದರ ಪಾಡೂ ಅದೇ. ಅದೂ ಕೊನೆಯಿಲ್ಲದೆ ಸಾಗುವುದು. ಗಣಕದ ಮನೆ ೨೪ ಬಿಟ್‌ಗಳದಾದುದರಿಂದ ಉಳಿದ ಬಾಲವನ್ನು ಕತ್ತರಿಸಿಹಾಕಿದ್ದರು. ಕತ್ತರಿಸಿದ ಭಾಗ ೦.೦೦೦೦೦೦೦೯೫ ಸೆಕೆಂಡು ಮಾತ್ರ. ಆದರೆ ಅಂದು ಆ ಯಂತ್ರವನ್ನು ನೂರು ಗಂಟೆಗಳಿಗಿಂತ ಹೆಚ್ಚು ಕಾಲ ನಿಲ್ಲಿಸದೆ ಓಡಿಸಿದ್ದರು. ನೂರು ಗಂಟೆಗಳಲ್ಲಿ ಹತ್ತನೆಯ ಭಾಗಗಳು ೩೬ ಲಕ್ಷ. ಗುಣಿಸಿದರೆ ಸುಮಾರು ೦.೩೪ ಸೆಕೆಂಡು. ಸ್ಕಡ್ ಕ್ಷಿಪಣಿಯು ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ವೇಗದಿಂದ ಬರುವಂತಹುದು. ಅಷ್ಟರಲ್ಲಿ ಅದು ಅರ್ಧ ಕಿಲೋಮೀಟರಿಗೂ ಮಿಕ್ಕಿ ಸಾಗಿರುವುದು. ರೇಡಾರು ತಪ್ಪು ಸ್ಥಳದಲ್ಲಿ ಹುಡುಕಿತು. ಅಲ್ಲಿ ಏನೂ ಕಾಣಲಿಲ್ಲ. ಮೊದಲು ಕಂಡುದು ಭ್ರಮೆಯೆಂದು ಕೈಬಿಟ್ಟಿತು.

ದೋಷವು ಅದಕ್ಕೆ ಮುಂಚೆಯೇ ಗೊತ್ತಾಗಿತ್ತೆಂಬುದು ಮನಸ್ಸನ್ನು ಕಲಕುವ ಸಂಗತಿ. ಎಂಟು ಗಂಟೆಗಳ ಓಟದಲ್ಲಿಯೇ ರೇಡಾರಿನ ನೋಟ ಪಕ್ಕಕ್ಕೆ ಸರಿಯುವುದೆಂದು ಇಸ್ರೇಲಿನವರು ತಿಳಿಸಿದ್ದರು. “ಬಹಳ ದೀರ್ಘಕಾಲ” ಓಡಿಸಿದರೆ ತೊಂದರೆಯಾದೀತೆಂದು ಪಡೆಗಳಿಗೆ ಎಚ್ಚರಿಕೆಯೂ ಹೋಗಿತ್ತು. ಬಹಳ ದೀರ್ಘವೆಂದರೆ ಎಷ್ಟು ಗಂಟೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಯಂತ್ರವನ್ನು ಆರಿಸಿ ಹೊತ್ತಿಸಿದ್ದರೂ ಲೆಕ್ಕ ಸೊನ್ನೆಯಿಂದ ಆರಂಭವಾಗುತ್ತಿತ್ತು. ತಿದ್ದಿದ ಕ್ರಮವಿಧಿಯು ಧಹ್ರಾನನ್ನು ತಲಪಿದುದು ಫೆಬ್ರುವರಿ ೨೬ರಂದು, ಮರುದಿನ.

ಕಾವಲುನಾಯಿ

ಭಾಸ್ಕರಾಚಾರ್ಯನ ಮಗಳು ಲೀಲಾವತಿಯ ಐತಿಹ್ಯವನ್ನು ಕೇಳದವರು ವಿರಳ. ೧೫೮೭ರಲ್ಲಿ ‘ಲೀಲಾವತಿ’ ಗ್ರಂಥವನ್ನು ಪಾರಸಿಗೆ ಅನುವಾದಿಸಿದ ಫೈಜಿ ಅದನ್ನು ಹೇಳಿದ್ದಾನೆ. ಮದುವೆಯ ಮುಹೂರ್ತಕ್ಕೆಂದು ತೇಲಿಬಿಟ್ಟಿದ್ದ ಗಳಿಗೆಬಟ್ಟಲಿನಲ್ಲಿ ಹುಡುಗಿ ಇಣುಕಿದಾಗ ಒಡವೆಯ ಮುತ್ತೊಂದು ಉದುರಿ ರಂಧ್ರವನ್ನು ಮುಚ್ಚಿತು, ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮೀರಿಹೋಯಿತು. ಇದು ನಡೆದುದೋ ಇಲ್ಲವೋ, ಪಾಠವಂತೂ ಇಂಜಿನಿಯರುಗಳಿಗೆ ಚೆನ್ನಾಗಿ ಒಪ್ಪುವುದು: ಸುಮ್ಮನಿರುವ ಯಂತ್ರವು ಕೆಲಸಮಾಡುತ್ತಿದೆಯೋ ಸಿಕ್ಕಿಬಿದ್ದಿದೆಯೋ ತಿಳಿಯುವುದು ಹೇಗೆ?

ಅದಕ್ಕಾಗಿ ಚಿಪ್ಪಿನಲ್ಲಿ ನಾಲ್ಕನೆಯದೊಂದು ಬಟ್ಟಲಿದೆ. ಅದಕ್ಕೆ ವಾಚ್‌ಡಾಗ್, ಎಂದರೆ ಕಾವಲುನಾಯಿ, ಎಂದು ಹೆಸರು. ಚಿಪ್ಪಿನ ಮುಖ್ಯ ತಾಳಕ್ಕೆ ಸಂಬಂಧವಿಲ್ಲದ ಪ್ರತ್ಯೇಕ ಕಂಪಕ ಅದಕ್ಕುಂಟು. ಅದರ ಅವಧಿಯನ್ನು ೧೬ ಮಿಲಿಸೆಕೆಂಡಿನಿಂದ ೮ ಸೆಕೆಂಡಿನವರೆಗೆ ಇಟ್ಟುಕೊಳ್ಳಬಹುದು. ಕ್ರಮವಿಧಿಯು ಆರೋಗ್ಯವಾಗಿರುವಷ್ಟು ಕಾಲ ಆಗಾಗ ಈ ಬಟ್ಟಲನ್ನು ಬರಿದುಮಾಡುತ್ತಿರಬೇಕು. ಎಲ್ಲಿಯಾದರೂ ಸಿಕ್ಕಿಬಿದ್ದು ಬರಿದುಮಾಡದೆ ಹೋದರೆ ಬಟ್ಟಲು ತುಂಬಿ, ಇಡೀ ಚಿಪ್ಪನ್ನು ಮೊದಲಿನಿಂದ ಆರಂಭಿಸಿಬಿಡುವುದು. ೧೯೯೭ನೆಯ ಜುಲೈ ೪ರಂದು ಮಂಗಳನ ಮೇಲಿಳಿದ ಪಾಥ್‌ಫೈಂಡರ್ ನೌಕೆಯು ಹೀಗೆ ಹಲವು ಸಲ ತಾನಾಗಿಯೇ ಮರುಹುಟ್ಟು ಪಡೆಯಿತು. ಹವೆಯನ್ನು ಅಳೆಯುವ ಚಿಕ್ಕ ಕೆಲಸವೊಂದು ಮುಖ್ಯವಾದ ಕೆಲಸವನ್ನು ಕಾಯಿಸುತ್ತಿದ್ದುದೇ ಕಾರಣ. ಪ್ರತಿ ಸಲವೂ ಆ ದಿನದ ಉಳಿದ ಕೆಲಸ ಮುಂದಕ್ಕೆ ಹೋಯಿತಾದರೂ ನೌಕೆ ಮೂಕವಾಗಲಿಲ್ಲ. ಭೂಮಿಯಲ್ಲಿದ್ದವರು ಅದರ ಪ್ರತಿರೂಪದಲ್ಲಿ ದೋಷವನ್ನು ಹುಡುಕಿ, ತಿದ್ದುಪಡಿಯನ್ನು ರೇಡಿಯೋ ಮೂಲಕ ಕಳುಹಿಸಿದರು.

ಹರಳಿನ ಗುಣ

ಇಷ್ಟೆಲ್ಲ ಲೆಕ್ಕವೂ ತಾಳಹಾಕುವ ಕಂಪಕವು ಸರಿಯಾಗಿದೆಯೆಂಬ ನಂಬಿಕೆಯ ಮೇಲೆ ನಿಂತಿದೆ. ಅಟ್‌ಮೆಗಾ ಚಿಪ್ಪಿನೊಳಗೇ ಇರುವ ಕಂಪಕವು ಕಾರ್ಖಾನೆಯಿಂದ ಬಂದಂತೆಯೇ ಬಳಸಿದರೆ ನೂರಕ್ಕೆ ಹತ್ತರಷ್ಟು ತಪ್ಪಬಹುದು; ಗಂಟೆಗೆ ಆರು ನಿಮಿಷ. ಸ್ಫಟಿಕದ ಹರಳಾದರೆ ಹತ್ತು ಲಕ್ಷದಲ್ಲಿ ಇಪ್ಪತ್ತರಷ್ಟು ತಪ್ಪುವುದು ಸಾಮಾನ್ಯ. ದಿನಕ್ಕೆ ಸುಮಾರು ೧.೭ ಸೆಕೆಂಡು. ಕೈಗಡಿಯಾರಗಳಲ್ಲಿರುವ ಹರಳು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುವುದು. ಇದನ್ನು ಅಟ್‌ಮೆಗಾದ ಟೈಮರ್ ೨ಕ್ಕೆ ಜೋಡಿಸಿ ೧೨೮ರಿಂದ ಭಾಗಿಸಿದರೆ ೨೫೬. ಎಂಟು ಬಿಟ್‌ಗಳ ಬಟ್ಟಲು ಸರಿಯಾಗಿ ಸೆಕೆಂಡಿಗೊಮ್ಮೆ ತುಂಬುವುದು! ಹೋಲಿಕೆಯೂ ಬೇಡ, ಶೇಷವೂ ಇಲ್ಲ. ನಡುವಿನ ಹೊತ್ತೆಲ್ಲ ಕಾರ್ಯಾಂಗವನ್ನು ನಿದ್ರೆಗೆ ಕಳುಹಿಸಿ, ಚಿಕ್ಕ ಬ್ಯಾಟರಿಯ ಆಯುಸ್ಸನ್ನು ಬಹುಪಾಲು ಹೆಚ್ಚಿಸಬಹುದು.

ಮೇಲೆ ಹೇಳಿದ ಒಂದಂಕೆಯ ದೋಷವನ್ನು ಕಣ್ಣಾರೆ ಕಾಣಬೇಕೆನ್ನುವವರು ಹೀಗೆ ಮಾಡಬಹುದು. ಊನೋ ಹಲಗೆಯಲ್ಲಿ ಮುಖ್ಯ ಚಿಪ್ಪಿಗೆ ತಾಳಹಾಕುವುದು ಸ್ಫಟಿಕವಲ್ಲ, ಪಿಂಗಾಣಿಯ ಕಂಪಕ. ಅದರ ಸ್ವಂತ ತಪ್ಪೇ ದಿನಕ್ಕೆ ಐದೂವರೆ ಸೆಕೆಂಡನ್ನು ನುಂಗಿಹಾಕಬಲ್ಲುದು. ಆದುದರಿಂದ ಅದೇ ಚಿಪ್ಪಿದ್ದು ೧೬ ಮೆಗಾಹರ್ಟ್ಸಿನ ಸ್ಫಟಿಕವನ್ನು ಕೂರಿಸಿರುವ ಹಲಗೆಯನ್ನು ಆರಿಸಿಕೊಳ್ಳಿರಿ. ಮೊದಲು ೧೫,೬೨೪ನ್ನು ಬರೆದು, ಅಡ್ಡಕರೆಗಳನ್ನು ಎಣಿಸುವ ಕ್ರಮವಿಧಿಯನ್ನು ನಿಷ್ಕೃಷ್ಟವಾದ ಗಡಿಯಾರಕ್ಕೆ ಹೊಂದಿಸಿ ಸಂಜೆಯಿಂದ ಸಂಜೆಗೆ ಓಡಿಸಿ, ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ಹೋಯಿತೆಂದು ಗುರುತುಹಾಕಿಕೊಳ್ಳಿರಿ. ಅದು ಹರಳಿನ ತಪ್ಪು. ಮರುದಿನ ಅದೇ ಕೊಠಡಿಯಲ್ಲಿ ೧೫,೬೨೫ನ್ನು ಬರೆದು ಹಾಗೆಯೇ ಓಡಿಸಿರಿ. ಎರಡು ಸಂಜೆಗಳ ಅಂತರ ಐದು ಅಥವಾ ಆರು ಸೆಕೆಂಡುಗಳಷ್ಟು ಬರಬೇಕು.